ಅರ್ಧ ಗ್ರಾಮಿನ ಕಲ್ಲು

ಉಸಿರಿಗೆ ಒಡೆಯನಾಗಿದ್ದೂ ಆ ಒಡೆತನವನ್ನು ಎಂದೂ ಎತ್ತಿ ಆಡದ ಕರುಣಾಳುವಿಗೆ ಮೊದಲ ನಮಸ್ಕಾರ.

ಮಾರ್ಚ್ ತಿಂಗಳ ಒಂಬತ್ತನೆಯ ದಿನ, ಸೋಮವಾರ. ನೀನು ಪಾರ್ಶ್ವವಾಯುವಿಗೆ ಸಿಕ್ಕಿ ಅಂಗಡಿಯ ನೆಲದ ಮೇಲೆ ಕುಸಿದು, ಮತ್ತೆ ನಮಗೆ ದೊರೆತು ಒಂದು ವರ್ಷ ತುಂಬಿದ ದಿನ. ಬೆಳಗಿನ ಪ್ರಾರ್ಥನೆಯ ತರುವಾಯ.

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಇಂಥ ದಿನದಲ್ಲಿ ಸಿಟ್ಟಿನಿಂದ ಕಾಗದ ಬರೆಯಬಾರದೆಂದು ಲೇಖನಿಯನ್ನು ಎರಡು ಸಲ ಕೆಳಗಿಟ್ಟೆ. ಮೂರನೆಯ ಸಲ ಎತ್ತಿಕೊಂಡಾಗಲೂ ಸಿಟ್ಟು ಹಾಗೆಯೇ ಇತ್ತು. ಆದ್ದರಿಂದ ಅದನ್ನೂ ಜೊತೆಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ನಿನ್ನ ಹಿಂದಿನ ಕಾಗದದಲ್ಲಿ ನಾಲ್ಕೇ ಸಾಲುಗಳಿದ್ದವು. ಅದರಲ್ಲಿ ಎರಡು ಸಾಲು ಸೆಕೆಯನ್ನು ಕುರಿತದ್ದು, ಒಂದು ಸಾಲು ಪಕ್ಕದ ಬೇಕರಿಯವನ ಬೆಕ್ಕನ್ನು ಕುರಿತದ್ದು. ಬಲಗೈ ಮೊದಲಿನಂತೆ ಆಗಬೇಕಾದರೆ ದಿನವೂ ಕೈಯಿಂದ ಬರೆಯಬೇಕೆಂದು ವ್ಯಾಯಾಮ ಹೇಳಿಕೊಡುವಾಕೆ ನಿನಗೆ ವಿಧಿಸಿದ್ದಾಳೆ. ನಾನು ನಿನ್ನೊಡನೆ ಫೋನಿನಲ್ಲಿ ಮಾತನಾಡಲು ಒಪ್ಪದೆ ಇರುವುದು ಅದಕ್ಕಾಗಿಯೇ ಹೊರತು, ನೀನು ಊರೆಲ್ಲ ಹೇಳಿಕೊಂಡು ತಿರುಗುವಂತೆ ಜಿಪುಣತನದಿಂದಲ್ಲ. ಇನ್ನೊಂದು ಕಾರಣವೂ ಉಂಟು. ಫೋನಿನಲ್ಲಿ ನೀನು ಸುಳ್ಳು ಹೇಳಬಲ್ಲೆ. ನಿನ್ನ ಅಕ್ಷರಕ್ಕೆ ಆ ಸಾಮರ್ಥ್ಯವಿಲ್ಲ. ಸಾಲು ಬಲಕ್ಕೆ ಹೋಗುತ್ತ ಕೆಳಗಿಳಿದರೆ ನಿನಗೆ ಆಯಾಸವಾಗಿದೆಯೆಂದು ಇಲ್ಲಿ ಕುಳಿತೇ ತಿಳಿಯುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ರಕ್ತಪರೀಕ್ಷೆಗೆ ಹೋಗಿದ್ದೆಯೆಂದು ನಿನ್ನ ಹೆಂಡತಿ ಹೇಳಿದಳು. ಆ ಕೊಲೆಸ್ಟರಾಲ್ ಎಂಬುದರ ಸಂಖ್ಯೆ ಎಷ್ಟು ಬಂತು? ಡಾಕ್ಟರಮ್ಮ ಏನೆಂದಳು? ಆಕೆಯ ಮಾತುಗಳನ್ನು ಆಕೆ ಆಡಿದಂತೆಯೇ ಬರೆ. ನಿನ್ನ ಸಾರಾಂಶ ನನಗೆ ಬೇಡ. ಚಿಕ್ಕಂದಿನಲ್ಲಿ ಮೇಷ್ಟರು ಬೈದು ಕಳಿಸಿದ್ದನ್ನು ನೀನು ಮನೆಯಲ್ಲಿ ಸಂಗ್ರಹಿಸಿ ಹೇಳುತ್ತಿದ್ದ ರೀತಿ ನನಗೆ ಮರೆತಿಲ್ಲ.

ನಿನ್ನ ಶ್ರೇಯಸ್ಸನ್ನು ಬಯಸುವ,
ಅಕ್ಕ


ಮಾರ್ಚ್ ೧೮

ಪೂಜ್ಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಪ್ರಾರ್ಥನಾ ಮಂದಿರದಲ್ಲಿ ಸಂಜೆ ಗ್ರಂಥ ಓದಿ ಅರ್ಥ ಹೇಳುವವಳಿಗೆ ಕಾಗದ ಬರೆಯುವುದೆಂದರೆ ಪರೀಕ್ಷೆಗೆ ಕುಳಿತಂತೆ. ಆದರೂ ಈ ಸಲ ಪುಟ ತುಂಬ ಬರೆಯುತ್ತೇನೆ, ಏಕೆಂದರೆ ಸಮಾಚಾರ ಒಳ್ಳೆಯದು.

ಡಾಕ್ಟರಮ್ಮ ರಿಪೋರ್ಟು ನೋಡಿದವಳೇ, "ಭೇಷ್! ಕೆಟ್ಟ ಕೊಲೆಸ್ಟರಾಲು ನೂರಾ ಅರವತ್ತೆಂಟು ಇದ್ದದ್ದು ಅರವತ್ತಾರಕ್ಕೆ ಇಳಿದಿದೆಯಲ್ಲ!" ಅಂದಳು.

"ಅಂದ್ರೆ ಸರಿಹೋಯ್ತು ಅನ್ನಿ," ಅಂದೆ.

"ಎಷ್ಟಿರಬೇಕೋ ಅಷ್ಟಿದೆ. ಮಾತ್ರೆ ಮುಂದುವರಿಸಿ. ಆರು ತಿಂಗಳು ಬಿಟ್ಟು ಬನ್ನಿ."

ನೀನು ಕೇಳಿದೆಯೆಂದು ಒಂದಕ್ಷರ ಬಿಡದೆ ಬರೆದಿದ್ದೇನೆ. ಮಾತ್ರೆ ಮುಂದುವರಿಸಿ ಎನ್ನುವುದನ್ನು ಅವರು ಎಲ್ಲರಿಗೂ ಹೇಳುತ್ತಾರೆ. ಬಸ್ಸಿನ ಕಂಡಕ್ಟರು ಮುಂದೆ ಹೋಗಿ, ಮುಂದೆ ಹೋಗಿ ಎಂದ ಹಾಗೆ. ನಾನು ನನ್ನ ಬುದ್ಧಿಯನ್ನೂ ಸ್ವಲ್ಪ ಉಪಯೋಗಿಸಬೇಡವೇ? ತಕ್ಕಡಿ ರಿಪೇರಿಯಲ್ಲಿ ಅಪ್ಪ ನನಗೆ ಕಲಿಸಿದ ಮೊದಲ ಪಾಠ ನಿನಗೂ ಗೊತ್ತು: ಮುಳ್ಳು ನಡುಗೆರೆಯಲ್ಲಿ ನಿಂತಿತೋ, ಕೈ ತೆಗೆ. ನಿಂತ ತಕ್ಕಡಿಯನ್ನು ಇನ್ನೂ ಸರಿಮಾಡುತ್ತೇನೆಂದು ಉಜ್ಜುತ್ತ ಕೂತವನು ಅದನ್ನು ಕೆಡಿಸುತ್ತಾನೆ. ಐವತ್ತು ವರ್ಷ ಅದನ್ನೇ ಮಾಡಿಕೊಂಡು ಬಂದವನು ನಾನು. ಅರವತ್ತಾರು ಎಂದರೆ ಮುಳ್ಳು ನಿಂತಿತು. ಅವತ್ತೇ ಕೈ ತೆಗೆದೆ. ಕೊಲೆಸ್ಟರಾಲಿನ ಮಾತ್ರೆ ಒಂದನ್ನೇ ಬಿಟ್ಟಿದ್ದೇನೆ, ರಕ್ತದೊತ್ತಡದ್ದು, ರಕ್ತ ತೆಳುಮಾಡುವುದು ಎಲ್ಲ ನಡೆಯುತ್ತಿದೆ, ಬೆಂಕಿ ಉಗುಳಬೇಡ.

ಇನ್ನೊಂದು ಗುಟ್ಟು. ಆ ಮಾತ್ರೆಯಿಂದ ತೊಡೆಯ ಸ್ನಾಯುಗಳೆಲ್ಲ ನೋಯುತ್ತಿದ್ದವು. ಸ್ಟೂಲಿನಿಂದ ಏಳುವಾಗ ಮುದುಕನ ಹಾಗೆ ಅಮ್ಮಾ ಅನ್ನುತ್ತಿದ್ದೆ. ಈಗ ನೋವಿಲ್ಲ.

ಅದಿರಲಿ, ನನ್ನ ಸಂಖ್ಯೆ ಹೇಳಿದೆ. ನಿನ್ನದೆಷ್ಟು?

ನಿನ್ನ ತಮ್ಮ


ಮಾರ್ಚ್ ೨೬

ಎಲ್ಲವನ್ನೂ ಕಾಣುವವನಿಗೆ ನಮಸ್ಕಾರ. ನಿನ್ನ ಕಾಗದವನ್ನೂ ಅವನು ಕಂಡಿರಬೇಕು. ಆದುದರಿಂದ ಅವನ ತಾಳ್ಮೆಗೆ ಪ್ರತ್ಯೇಕವಾಗಿ ಇನ್ನೊಂದು ನಮಸ್ಕಾರ.

ತಮ್ಮಾ, ನಿನ್ನ ಪತ್ರವನ್ನು ಓದಿ ಮುಗಿಸಿದ ಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ. ದೋಷ ಕನ್ನಡಕದ್ದಾಗಿರಲಿ ಎಂಬ ಆಸೆಯಿತ್ತು.

ಮಾತ್ರೆ ತಿಂದದ್ದರಿಂದ ಸಂಖ್ಯೆ ಇಳಿಯಿತು. ಸಂಖ್ಯೆ ಇಳಿದದ್ದರಿಂದ ನೀನು ಮಾತ್ರೆಯನ್ನು ಬಿಟ್ಟೆ. ಇದಕ್ಕೆ ಬುದ್ಧಿಯನ್ನು ಉಪಯೋಗಿಸುವುದೆಂದು ಹೆಸರಿಟ್ಟಿರುವೆ. ನನ್ನ ತರ್ಕದಲ್ಲಿಯೇ ಎಲ್ಲಿಯಾದರೂ ತೊಡಕಿರಬಹುದೇನೋ ಎಂದು, ಮಂಡಿನೋವನ್ನೂ ಲೆಕ್ಕಿಸದೆ ಬೀದಿಯ ಕೊನೆಯ ಔಷಧಿ ಅಂಗಡಿಯವರೆಗೆ ನಡೆದು ಹೋಗಿ, ಅಲ್ಲಿ ಕುಳಿತಿರುವ ಹೆಣ್ಣುಮಗಳನ್ನು ಕೇಳಿದೆ.

"ಏನ್ ಬೇಕಿತ್ತು ಅಜ್ಜಿ?"

"ಒಂದು ಪ್ರಶ್ನೆಗೆ ಉತ್ತರ ಬೇಕಮ್ಮ. ಒಂದು ಸಲ ಸ್ಟ್ರೋಕ್ ಆದವನು, ಕೊಲೆಸ್ಟರಾಲ್ ಇಳೀತು ಅಂತ ಮಾತ್ರೆ ಬಿಡಬಹುದಾ?"

"ಮನೆ ಸೋರ್ತಿಲ್ಲ ಅಂತ ಯಾರಾದ್ರೂ ಸೂರು ಕಿತ್ತು ಹಾಕ್ತಾರಾ ಅಜ್ಜಿ? ಬಿಟ್ರೆ ಕೆಲವೇ ವಾರದಲ್ಲಿ ಎಲ್ಲಿತ್ತೋ ಅಲ್ಲಿಗೇ ಹೋಗುತ್ತೆ. ಒಂದ್ಸಲ ಆದವರಿಗೆ ಇನ್ನೊಂದ್ಸಲ ಆಗೋ ಭಯ ಬೇರೆಯವರಿಗಿಂತ ಜಾಸ್ತಿ. ಯಾರದು, ನಿಮ್ಮದಾ?"

"ನನ್ನದಲ್ಲ, ನನ್ನ ತಮ್ಮನದು."

"ಹಾಗಾದ್ರೆ ನಿಮ್ಮದೂ ಒಂದ್ಸಲ ನೋಡ್ಸಿ. ಮನೆತನದಲ್ಲಿ ಬರುತ್ತೆ."

"ನಾನು ಕೇಳಿದ್ದು ನನ್ನ ತಮ್ಮನ ವಿಷಯ," ಎಂದು ಹೇಳಿ ಬಂದೆ.

ತೊಡೆಯ ನೋವನ್ನು ಡಾಕ್ಟರಮ್ಮನ ಮುಂದೆ ಏಕೆ ಹೇಳಲಿಲ್ಲ? ಆಕೆ ಪ್ರಮಾಣವನ್ನು ಇಳಿಸುತ್ತಿದ್ದಳು, ಬೇರೊಂದು ಮಾತ್ರೆಯನ್ನು ಕೊಡುತ್ತಿದ್ದಳು. ನೀನಾದರೋ ಆಕೆಯ ಎದುರಿಗೆ ಒಳ್ಳೆಯ ಹುಡುಗನಂತೆ ಕುಳಿತು ಭೇಷ್ ಎನ್ನಿಸಿಕೊಂಡು, ಮನೆಗೆ ಬಂದು ಮಾತ್ರೆಗೆ ವಿದಾಯ ಹೇಳಿದೆ. ಅರವತ್ತಾರು ವರ್ಷ ವಯಸ್ಸು ನಿನಗೆ. ನಿನ್ನ ವಯಸ್ಸೂ ಆ ಸಂಖ್ಯೆಯೂ ಒಂದೇ ಆಗಿರುವುದನ್ನು ಬಿಟ್ಟರೆ ಆ ರಿಪೋರ್ಟಿನಲ್ಲಿ ನಿನ್ನ ಸಾಧನೆ ಏನೂ ಇಲ್ಲ.

ಈ ಕಾಗದ ತಲಪಿದ ದಿನವೇ ಮಾತ್ರೆ ಆರಂಭಿಸಿ, ಡಾಕ್ಟರಮ್ಮನನ್ನು ಕಂಡು, ನನಗೆ ಬರೆಯತಕ್ಕದ್ದು.

ಅಕ್ಕ


ಏಪ್ರಿಲ್ ೧೧

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಾನು ಬರೆಯುವುದು ನಿಮ್ಮ ತಮ್ಮನವರಿಗೆ ತಿಳಿಯದು. ತಿಳಿದರೆ ನನ್ನನ್ನು ಗೂಢಚಾರಿಣಿ ಎನ್ನುತ್ತಾರೆ. ಈಗಾಗಲೇ ಅನ್ನುತ್ತಿದ್ದಾರೆ, ಆದ್ದರಿಂದ ಚಿಂತೆಯಿಲ್ಲ.

ನಿಮ್ಮ ಕಾಗದ ಬಂದ ದಿನ ನಾನು ನೋಡುವ ಹಾಗೆ ಮಾತ್ರೆಯ ಸ್ಟ್ರಿಪ್ಪಿನಿಂದ ಒಂದನ್ನು ಬಿಡಿಸಿ, ಉಳಿದದ್ದನ್ನು ಜೇಬಿಗೆ ಹಾಕಿಕೊಂಡು, "ನೋಡು, ಅಕ್ಕನ ಆಜ್ಞೆ" ಎಂದು ಅಂಗಡಿಗೆ ಹೋದರು. ನನಗೆ ಜೀವ ತಂಪಾಯಿತು. ಮೊನ್ನೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದರೆ ಏನು ಕಂಡೆ ಹೇಳಲಿ! ಅಕ್ಕಸಾಲಿಗರು ರಿಪೇರಿಗೆ ಕೊಡುವ ಗಾಜಿನ ಪೆಟ್ಟಿಗೆಯ ಸಣ್ಣ ತಕ್ಕಡಿ ಇದೆಯಲ್ಲ, ಅದರ ಒಂದು ತಟ್ಟೆಯ ಮೇಲೆ ಆ ಮಾತ್ರೆಗಳನ್ನು ಒಂದೊಂದಾಗಿ ಇಟ್ಟು ತೂಗುತ್ತಿದ್ದಾರೆ. ಎದುರಿಗೆ ಬೇಕರಿಯವನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಾನೆ. ಇಬ್ಬರ ನಡುವೆ ಕಾಗದದ ಮೇಲೆ ಬೆಣ್ಣೆ ಬಿಸ್ಕತ್ತು.

"ನೋಡಯ್ಯ, ಅರ್ಧ ಗ್ರಾಮೂ ಇಲ್ಲ ಇದು," ಎಂದು ಅವನಿಗೆ ಹೇಳುತ್ತಿದ್ದರು. "ಎಪ್ಪತ್ತು ಕಿಲೋ ಆಳನ್ನ ಇದು ಹಿಡಿದು ನಿಲ್ಲಿಸುತ್ತಂತೆ!"

ಬೇಕರಿಯವನು ನನ್ನನ್ನು ನೋಡಿ ಬಿಸ್ಕತ್ತಿನ ಮೇಲೆ ಪೇಪರು ಮುಚ್ಚಿದ. ಇವರು ಮಾತ್ರೆಯ ಮೇಲೆ ಅಂಗೈ ಮುಚ್ಚಿದರು. ನನಗೆ ಇಬ್ಬರಲ್ಲಿ ಯಾರ ಕಿವಿ ಹಿಂಡಬೇಕೆಂದು ತಿಳಿಯದೆ ಡಬ್ಬಿಯನ್ನು ಕುಕ್ಕಿ ಬಂದೆ.

ಅತ್ತಿಗೆ, ಹೋದ ವರ್ಷ ಆರು ವಾರ ಅವರಿಗೆ ಅಂಗಿಯ ಗುಂಡಿ ಹಾಕಿದವಳು ನಾನು. ಚಮಚ ಹಿಡಿಯಲು ಬಾರದೆ ಅವರು ಗೋಡೆಯ ಕಡೆ ತಿರುಗಿ ಅತ್ತದ್ದನ್ನು ನೋಡಿದವಳು ನಾನು. ಅದನ್ನು ಅವರು ಮರೆತಿದ್ದಾರೆ, ಇಲ್ಲವೇ ಮರೆತ ಹಾಗೆ ಇದ್ದಾರೆ. ನಾನು ಹೇಳಿದರೆ ಕೇಳುವುದಿಲ್ಲ. ನಿಮಗೆ ಹೆದರುತ್ತಾರೆ, ಆದರೆ ನಿಮ್ಮ ಮಾತನ್ನೂ ಕೇಳುವುದಿಲ್ಲ. ಹೆದರಿಕೆಗೂ ಕೇಳುವುದಕ್ಕೂ ನಡುವೆ ಇಷ್ಟು ದೂರ ಇರುತ್ತದೆಂದು ನನಗೆ ತಿಳಿದಿರಲಿಲ್ಲ.

ಏನಾದರೂ ಮಾಡಿ.

ನಿಮ್ಮ ತಮ್ಮನ ಹೆಂಡತಿ


ಏಪ್ರಿಲ್ ೨೦

ಅಕ್ಕನಿಗೆ ನಮಸ್ಕಾರಗಳು.

ಫೋನಿನಲ್ಲಿ ನನ್ನೊಡನೆ ಮಾತನಾಡದವಳು ನನ್ನ ಹೆಂಡತಿಯೊಡನೆ ಗಂಟೆಗಟ್ಟಲೆ ಮಾತನಾಡಿದೆಯಂತೆ. ಪಕ್ಷಪಾತಕ್ಕೂ ಒಂದು ಮಿತಿ ಬೇಡವೇ? ಮನೆಯಲ್ಲಿ ಈಗ ಬೆಣ್ಣೆ ಇಲ್ಲ, ಕರಿದದ್ದು ಇಲ್ಲ, ಮೊಟ್ಟೆಯ ಹಳದಿ ಇಲ್ಲ. ಬೇಯಿಸಿದ ತರಕಾರಿಯನ್ನು ತಟ್ಟೆಗೆ ಹಾಕಿ ಎದುರಿಗೆ ಕಾವಲು ಕೂರುತ್ತಾಳೆ. ನಿನ್ನೆ, "ಉಪ್ಪಾದ್ರೂ ಹಾಕೇ ಮಾರಾಯ್ತಿ" ಅಂದರೆ, "ಅತ್ತಿಗೇನ ಕೇಳಿ ಹೇಳ್ತೀನಿ" ಅಂದಳು. ಇದು ಸಂಸಾರವೋ ಠಾಣೆಯೋ?

ನಿಜವಾಗಿ ಕೇಳುತ್ತೇನೆ. ನನಗೆ ಈಗ ಏನಾಗಿದೆ? ನಡೆಯುತ್ತೇನೆ, ಬರೆಯುತ್ತೇನೆ, ಸೂಜಿಯಷ್ಟು ಸಣ್ಣ ತಿರುಪನ್ನು ಬಿಗಿಯುತ್ತೇನೆ. ಮೈಯಲ್ಲಿ ಎಲ್ಲಿಯೂ ಏನೂ ತಿಳಿಯುವುದಿಲ್ಲ. ತಿಳಿಯದ ಕಾಯಿಲೆಗೆ ಸಾಯುವತನಕ ಮಾತ್ರೆ ತಿನ್ನು ಎಂದರೆ ದಿನಾ ಬೆಳಗ್ಗೆ ಎದ್ದು, ನೀನು ರೋಗಿ, ನೀನು ರೋಗಿ ಎಂದು ನನಗೆ ನಾನೇ ಹೇಳಿಕೊಂಡ ಹಾಗೆ. ಅದು ನನ್ನಿಂದ ಆಗದು.

ಕೊನೆಗೆ ನೀನೇ ಹೇಳುತ್ತೀಯಲ್ಲ, ಎಲ್ಲವೂ ಅವನ ಇಚ್ಛೆ ಎಂದು. ಅವನಿಗೇ ಬಿಡು. ಅವನು ನೋಡಿಕೊಳ್ಳುತ್ತಾನೆ.

ನಿನ್ನ ಸಂಖ್ಯೆಯನ್ನು ಕೇಳಿದ್ದೆ. ಉತ್ತರ ಬರಲಿಲ್ಲ.

ತಮ್ಮ


ಏಪ್ರಿಲ್ ೨೮

ಕೇಳದವರ ಪರವಾಗಿಯೂ ಕೇಳಿಸಿಕೊಳ್ಳುವವನಿಗೆ ನಮಸ್ಕಾರ.

ತಮ್ಮಾ, ನನ್ನ ದೇವರ ಹಿಂದೆ ಅವಿತುಕೊಳ್ಳಬೇಡ. ಎಂಟು ವರ್ಷದವನಾಗಿದ್ದಾಗ ನನ್ನ ಲಂಗದ ಹಿಂದೆ ಅವಿತುಕೊಳ್ಳುತ್ತಿದ್ದೆ. ಆಗಲೂ ನಿನ್ನ ಕಾಲುಗಳು ಹೊರಗೆ ಕಾಣುತ್ತಿದ್ದವು, ಈಗಲೂ ಕಾಣುತ್ತಿವೆ. ಅವನ ಇಚ್ಛೆಯೆಂಬುದು ನಿನ್ನ ಸೋಮಾರಿತನಕ್ಕೆ ಚೀಟಿ ಹೊತ್ತು ತಿರುಗುವ ಜವಾನನಲ್ಲ. ಅವನು ನೋಡಿಕೊಳ್ಳುತ್ತಾನೆ ಎಂದೆಯಲ್ಲ, ನೋಡಿಕೊಂಡೇ ಇದ್ದಾನೆ. ಡಾಕ್ಟರಮ್ಮನಿಗೆ ವಿದ್ಯೆ ಕೊಟ್ಟ, ನಿನ್ನ ಹೆಂಡತಿಗೆ ಕಾವಲು ಕೂರುವ ಬುದ್ಧಿ ಕೊಟ್ಟ, ಮಾತ್ರೆಯನ್ನು ನಿನ್ನ ಜೇಬಿನವರೆಗೆ ತಂದು ಮುಟ್ಟಿಸಿದ. ಜೇಬಿನಿಂದ ಬಾಯಿಯವರೆಗಿನ ದಾರಿಯನ್ನು ನಿನಗೆ ಬಿಟ್ಟಿದ್ದಾನೆ. ಅಷ್ಟು ದೂರವನ್ನೂ ಅವನೇ ನಡೆಯಬೇಕೇ?

ನಾನು ಈ ಐವತ್ತು ಅರವತ್ತು ವರ್ಷಗಳಿಂದ ದಿನವೂ ಪ್ರಾರ್ಥಿಸುತ್ತಿದ್ದೇನೆ. ನಿನ್ನೆ ಮನಸ್ಸು ಶಾಂತವಾಯಿತು, ಆದ್ದರಿಂದ ಇಂದು ಬೇಡ ಎಂದು ಬಿಟ್ಟಿದ್ದರೆ ನಾನು ಎಂದೋ ನಿನ್ನ ಕುತ್ತಿಗೆ ಹಿಚುಕಿರುತ್ತಿದ್ದೆ. ಶಾಂತಿ ಉಳಿದಿರುವುದು ಪ್ರಾರ್ಥನೆ ದಿನವೂ ನಡೆಯುವುದರಿಂದ.

ಇನ್ನು ನಿನ್ನ ತಕ್ಕಡಿಯ ಶಾಸ್ತ್ರಕ್ಕೆ ಬರುತ್ತೇನೆ. ನೀನೊಬ್ಬನೇ ಆ ಅಂಗಡಿಯಲ್ಲಿ ಬೆಳೆದವನಲ್ಲ. ನಾನೂ ಅಪ್ಪನ ಮಗಳೇ. ಮುಳ್ಳು ನಿಂತ ಮೇಲೆ ಕೈ ತೆಗೆ ಎಂದು ಅಪ್ಪ ಹೇಳಿದ್ದು ಸತ್ಯ. ಕಲ್ಲನ್ನು ತೆಗೆ ಎಂದು ಹೇಳಲಿಲ್ಲ. ಒಂದು ತಟ್ಟೆಯಲ್ಲಿ ಸಾಮಾನು, ಇನ್ನೊಂದರಲ್ಲಿ ತೂಕದ ಕಲ್ಲು. ಎರಡೂ ಇದ್ದುದರಿಂದಲೇ ಮುಳ್ಳು ನಡುವೆ ನಿಂತಿತು. ನಿಂತಿತಲ್ಲ ಎಂದು ಕಲ್ಲನ್ನು ಎತ್ತಿಕೊಂಡವನನ್ನು ಅಪ್ಪ ಏನೆಂದು ಕರೆಯುತ್ತಿದ್ದನೆಂದು ಇಲ್ಲಿ ಬರೆಯಲಾರೆ. ಪ್ರಾರ್ಥನೆ ಮುಗಿಸಿ ಕುಳಿತಿದ್ದೇನೆ.

ಅರ್ಧ ಗ್ರಾಮೂ ಇಲ್ಲ ಎಂದೆಯಂತೆ. ಆ ಮಾತನ್ನು ಆಡಲು ಈ ಲೋಕದಲ್ಲಿ ಯಾರಿಗೆ ಅಧಿಕಾರವಿದ್ದರೂ ನಿನಗೆ ಇಲ್ಲ. ಅಪ್ಪನ ಮರದ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಸಣ್ಣದು ಅರ್ಧ ಗ್ರಾಮಿನ ಕಲ್ಲು. ಕಲ್ಲೆಂದು ಹೆಸರು, ನಿಜವಾಗಿ ಅದು ಒಂದು ಮೂಲೆ ಮಡಿಸಿದ ತೆಳು ಲೋಹದ ಚೂರು, ಚಿಮಟದಿಂದ ಎತ್ತಬೇಕು. ಒಮ್ಮೆ ಅದು ಕಳೆಯಿತು. ಅಪ್ಪ ಅಂಗಡಿ ಮುಚ್ಚಿದ. ಚಾಪೆಗಳನ್ನು ಕೊಡವಿಸಿದ, ಗುಡಿಸಿದ ಕಸವನ್ನು ಜರಡಿ ಹಿಡಿಸಿದ. ಅಮ್ಮ, "ಅಷ್ಟು ಚೂರಿಗೆ ಇಷ್ಟು ರಂಪ ಯಾಕೆ? ದೊಡ್ಡ ಕಲ್ಲೆಲ್ಲ ಇದಾವಲ್ಲ," ಎಂದಳು. ಅಪ್ಪ, "ಐದು ಕಿಲೋದು ಕಳೆದ್ರೆ ಕುರುಡನಿಗೂ ಗೊತ್ತಾಗುತ್ತೆ. ಇದು ಕಳೆದ್ರೆ ಯಾರಿಗೂ ಗೊತ್ತಾಗಲ್ಲ, ತಕ್ಕಡಿ ತನ್ನ ಪಾಡಿಗೆ ಸುಳ್ಳು ಹೇಳ್ತಾ ಹೋಗುತ್ತೆ," ಎಂದ.

ಸಂಜೆಯ ಹೊತ್ತಿಗೆ ಅದು ಸಿಕ್ಕಿತು. ಅಂಬೆಗಾಲಿಡುತ್ತಿದ್ದ ನಿನ್ನ ಮಂಡಿಗೆ ಅಂಟಿಕೊಂಡಿತ್ತು. ಅಪ್ಪ ನಿನ್ನನ್ನು ಎತ್ತಿ, "ಅರ್ಧಗ್ರಾಂ!" ಎಂದು ನಕ್ಕ. ಅಂದಿನಿಂದ ನಿನಗೆ ಅದೇ ಹೆಸರು. ಮೈಯಲ್ಲಿ ಏನೂ ತಿಳಿಯುವುದಿಲ್ಲ ಎಂದು ಬರೆದಿದ್ದೀಯೆ. ಅಪ್ಪ ಹೆದರಿದ್ದೂ ಅದಕ್ಕೇ.

ನಾಳೆಯೇ ಡಾಕ್ಟರಮ್ಮನಲ್ಲಿಗೆ ಹೋಗು. ತೊಡೆಯ ನೋವನ್ನು ಹೇಳು.

ಅಕ್ಕ


ಮೇ ೧೫

ಅಕ್ಕಾ,

ಕಾಗದ ಓದಿದೆ. ಎರಡು ಸಲ ಓದಿದೆ. ನೀನು ಹೇಳಿದ್ದರಲ್ಲಿ ಏನೋ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಇದು ಮಾರುಕಟ್ಟೆಯ ತಕ್ಕಡಿಗಳಿಗೆಲ್ಲ ತೂಕ-ಅಳತೆ ಇಲಾಖೆಯ ವರ್ಷದ ಮುದ್ರೆ ಬೀಳುವ ಕಾಲ. ಇನ್ಸ್‌ಪೆಕ್ಟರು ಬರುವ ಮೊದಲು ಎಲ್ಲವನ್ನೂ ಸರಿಮಾಡಿ ಕೊಡಬೇಕು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅವರು ಬಂದು ಹೋಗಲಿ, ಮಾರನೆಯ ದಿನವೇ ಡಾಕ್ಟರಮ್ಮನ ಬಳಿ ಹೋಗುತ್ತೇನೆ. ಅಪ್ಪನಾಣೆ.

ಹೆಚ್ಚು ಬರೆಯಲು ಪುರಸೊತ್ತಿಲ್ಲ.

ತಮ್ಮ


ಮೇ ೨೨

ತಮ್ಮಾ,

ಊರಿನ ತಕ್ಕಡಿಗಳಿಗೆಲ್ಲ ವರ್ಷವರ್ಷವೂ ಮತ್ತೆ ಪರೀಕ್ಷೆ ಆಗಬೇಕು. ನಿನಗೆ ಮಾತ್ರ ಒಮ್ಮೆ ಅರವತ್ತಾರು ಬಂದರೆ ಆಜೀವ ಮುದ್ರೆ. ಇದನ್ನು ಬರೆಯುವಾಗ ನಿನಗೆ ನಗು ಬರಲಿಲ್ಲವೇ?

ಇನ್ಸ್‌ಪೆಕ್ಟರು ಬರುವುದು ಯಾವಾಗ?

ನಿನ್ನ ಸಾಲುಗಳು ಬಲಕ್ಕೆ ಇಳಿಯುತ್ತಿವೆ.

ಅಕ್ಕ


ಜೂನ್ ೩

ತಮ್ಮಾ,

ಇನ್ಸ್‌ಪೆಕ್ಟರು ಬಂದರೇ?

ಅಕ್ಕ


ಜೂನ್ ೧೭

ಪೂಜ್ಯ ಅತ್ತಿಗೆಯವರಿಗೆ,

ಫೋನಿನಲ್ಲಿ ನಾನು ಅತ್ತದ್ದರಿಂದ ನಿಮಗೆ ಅರ್ಧ ತಿಳಿದಿರುತ್ತದೆ, ಅರ್ಧ ತಿಳಿದಿರುವುದಿಲ್ಲ. ಈಗ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತು ಕ್ರಮವಾಗಿ ಬರೆಯುತ್ತೇನೆ. ಅವರು ಒಳಗೆ ಮಲಗಿದ್ದಾರೆ. ಜೀವಕ್ಕೆ ಭಯವಿಲ್ಲ ಎಂದಿದ್ದಾರೆ.

ಶುಕ್ರವಾರ ಇನ್ಸ್‌ಪೆಕ್ಟರು ಬರುವವರಿದ್ದರು. ಬೆಳಗ್ಗೆ ಇವರು ಗಾಜಿನ ಪೆಟ್ಟಿಗೆಯ ತಕ್ಕಡಿಯನ್ನು ಕೊನೆಯ ಸಲ ನೋಡುತ್ತಿದ್ದರಂತೆ. ಬೇಕರಿಯವನು ಚಹಾ ಹಿಡಿದು ಒಳಗೆ ಬಂದಾಗ ಇವರು ಚಿಮಟದಿಂದ ಆ ಅರ್ಧ ಗ್ರಾಮಿನ ಚೂರನ್ನು ತಟ್ಟೆಯ ಮೇಲೆ ಇಡಲು ಹೋಗುತ್ತಿದ್ದರು. ಚಿಮಟ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರು, ಕೈ ಬರಲಿಲ್ಲ. ಅವನು, "ಏನಣ್ಣ, ಬಾಯಿ ಯಾಕೆ ಒಂದು ಕಡೆ ಎಳೀತಿದೆ?" ಅಂದನಂತೆ. ಇವರು ಉತ್ತರ ಕೊಟ್ಟರು, ಅದರಲ್ಲಿ ಮಾತೇ ಇರಲಿಲ್ಲ.

ಹೋದ ವರ್ಷ ಅವನ ಬೇಕರಿಯೊಳಗೆ ನಿಂತು ನಾನು ಪಾಠ ಒಪ್ಪಿಸಿಕೊಂಡ ಹಾಗೆ ಅವನಿಂದ ಹೇಳಿಸಿದ್ದೆ: ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ, ನೀರು ಕುಡಿಸುತ್ತ ಕೂರಬೇಡ, ನನ್ನನ್ನು ಕೂಡ ಕಾಯಬೇಡ, ಆಂಬುಲೆನ್ಸು ಕರೆ. ಆಗ ನಕ್ಕಿದ್ದ. ಈಗ ಒಲೆಯ ಮೇಲಿದ್ದದ್ದನ್ನು ಹಾಗೆಯೇ ಬಿಟ್ಟು ಇವರನ್ನು ಆಂಬುಲೆನ್ಸಿನಲ್ಲಿ ಕರೆತಂದಿದ್ದಾನೆ. ಬೇಗ ಬಂದದ್ದರಿಂದ ರಕ್ತದ ಗಂಟನ್ನು ಕರಗಿಸುವ ಔಷಧ ಕೊಡಲು ಆಯಿತು ಎಂದರು. ಮಾತು ಮರಳಿ ಬರುತ್ತಿದೆ. ಬಲಗೈ ಬಂದಿಲ್ಲ.

ಡಾಕ್ಟರಮ್ಮ ಬಂದು ಹೊಸ ರಿಪೋರ್ಟು ನೋಡಿ, "ನೂರಾ ಎಪ್ಪತ್ತೊಂದು ಹೇಗಾಯ್ತು? ಮಾತ್ರೆ ದಿನಾ ತಗೋತಿದ್ರಾ?" ಎಂದರು. ಇವರು ನನ್ನ ಮುಖ ನೋಡಿದರು. ಆ ನೋಟ ನಿಮಗೆ ಗೊತ್ತು ಅತ್ತಿಗೆ. ಚಿಕ್ಕಂದಿನಲ್ಲಿ ನಿಮ್ಮ ಲಂಗದ ಹಿಂದೆ ನಿಂತು ನೋಡುತ್ತಿದ್ದದ್ದು ಅದೇ ಇರಬೇಕು. ನಾನೇ ಹೇಳಿದೆ, ಮಾರ್ಚಿನಿಂದ ಇಲ್ಲ ಎಂದು.

ಆಕೆ ಬೈಯಲಿಲ್ಲ. "ತಗೊಂಡಿದ್ರೆ ಆಗ್ತಾನೇ ಇರಲಿಲ್ಲ ಅಂತ ನಾನು ಪ್ರಮಾಣ ಮಾಡಲಾರೆ. ಆದ್ರೆ ಅಡ್ಡ ನಿಂತಿದ್ದ ಒಂದು ಗೋಡೇನ ನೀವೇ ಕೆಡವಿದ್ರಿ," ಎಂದರು. ಕಾಲುನೋವಿನ ವಿಷಯ ಹೇಳಿದ ಮೇಲೆ, "ಇಷ್ಟೇನಾ? ಬೇರೆ ಮಾತ್ರೆ ಇದೆಯಲ್ಲ!" ಎಂದರು. ಇಷ್ಟೇನಾ ಎಂದದ್ದು ಇವರಿಗೆ ಬೈಗುಳಕ್ಕಿಂತ ಹೆಚ್ಚು ತಾಕಿತು.

ಅನ್ನಬೇಕಾದದ್ದನ್ನೆಲ್ಲ ನಿಮಗೆ ಬಿಟ್ಟಿದ್ದೇನೆ.

ನಿಮ್ಮ ತಮ್ಮನ ಹೆಂಡತಿ


ಜೂನ್ ೨೪

ಎರಡನೆಯ ಸಲವೂ ಹಿಂದಿರುಗಿಸಿ ಕೊಟ್ಟವನಿಗೆ ನಮಸ್ಕಾರ. ಮೂರನೆಯ ಸಲ ಕೇಳುವ ಮುಖ ನಮಗಿಲ್ಲ.

ತಮ್ಮಾ,

ಈ ಕಾಗದವನ್ನು ನಿನ್ನ ಹೆಂಡತಿ ಓದಿ ಹೇಳುತ್ತಾಳೆ. ಆಕೆಗೆ ಹೇಳಿದ್ದೇನೆ, ಕೋಪದ ಜಾಗಗಳನ್ನು ಮೆತ್ತಗೆ ಮಾಡದೆ ಓದು ಎಂದು.

ನಾನು ಮೊದಲೇ ಹೇಳಿರಲಿಲ್ಲವೇ ಎಂದು ಕೇಳುವುದಿಲ್ಲ. ಹೇಳಿದ್ದೆ. ಮಾರ್ಚಿನಲ್ಲಿ ಹೇಳಿದ್ದೆ, ಏಪ್ರಿಲಿನಲ್ಲಿ ಹೇಳಿದ್ದೆ, ಮೇ ತಿಂಗಳಲ್ಲಿ ಹೇಳಿದ್ದೆ. ಇಷ್ಟಕ್ಕೆ ಆ ವಿಷಯ ಮುಗಿಸುತ್ತೇನೆ. ಮುಗಿಸಲು ಎಷ್ಟು ಕಷ್ಟವಾಗುತ್ತಿದೆಯೆಂದು ನಿನಗೆ ತಿಳಿಯದು.

ನಿನ್ನ ಮೇಲಿನ ಸಿಟ್ಟಿನಲ್ಲಿ ನಿನ್ನೆ ಪ್ರಾರ್ಥನಾ ಮಂದಿರದಲ್ಲಿ ಓದುವ ಪುಟವನ್ನೇ ತಪ್ಪಾಗಿ ತೆರೆದೆ. ಕ್ಷಮೆಯನ್ನು ಕುರಿತ ಅಧ್ಯಾಯವನ್ನು ಓದಬೇಕಾಗಿತ್ತು. ಪ್ರಳಯವನ್ನು ಕುರಿತದ್ದನ್ನು ಓದಿದೆ. ಎದ್ದು ಹೋಗುವಾಗ ಒಬ್ಬ ಮುದುಕ, "ಇವತ್ತು ಅಮ್ಮನ ಓದು ಗುಡುಗಿದ ಹಾಗಿತ್ತು," ಎಂದ.

ಬಲಗೈ ಬರುವವರೆಗೆ ಎಡಗೈಯಲ್ಲಿ ಬರೆ. ಎಡಗೈಯಲ್ಲಿ ಬರೆದದ್ದನ್ನು ನಾನು ತಿದ್ದುವುದಿಲ್ಲವೆಂದು ಮಾತು ಕೊಡುತ್ತೇನೆ.

ಫೋನಿನಲ್ಲಿಯೂ ಮಾತನಾಡುತ್ತೇನೆ. ನಿನ್ನ ದನಿ ಕೇಳಬೇಕು.

ಅಕ್ಕ


ಆಗಸ್ಟ್ ೩೦

ಅಕ್ಕಾ

ಎಡಗೈ. ನಗಬೇಡ.

ಹೊಸ ಮಾತ್ರೆ. ಕಾಲು ನೋಯಲ್ಲ. ದಿನಾ ಬೆಳಗ್ಗೆ ಅವಳು ತಕ್ಕಡಿ ತಟ್ಟೆ ಮೇಲೆ ಇಡ್ತಾಳೆ. ನಾನು ಎತ್ಕೋತೀನಿ. ಚಿಮಟದಲ್ಲಿ, ಬಲಗೈಲಿ. ಹತ್ತು ಸಲ ಬೀಳುತ್ತೆ. ಎತ್ತೋವರೆಗೂ ಬಿಡಲ್ಲ. ವ್ಯಾಯಾಮನೂ ಆಯ್ತು ಅಂತಾಳೆ.

ಸಂಖ್ಯೆ ಎಪ್ಪತ್ತು. ಕಲ್ಲು ತೆಗೆಯಲ್ಲ.

ನಿನ್ನದೆಷ್ಟು.

ಅರ್ಧಗ್ರಾಂ


ದೊಡ್ಡದನ್ನೂ ಸಣ್ಣದನ್ನೂ ಒಂದೇ ಅಂಗೈಯಲ್ಲಿ ಇಟ್ಟುಕೊಂಡು ಯಾವುದನ್ನೂ ಕಳೆಯದವನಿಗೆ ನಮಸ್ಕಾರ.

ಸೆಪ್ಟೆಂಬರ್ ತಿಂಗಳ ಏಳನೆಯ ದಿನ, ಸೋಮವಾರ. ಬೆಳಗಿನ ಪ್ರಾರ್ಥನೆಯ ತರುವಾಯ, ಮತ್ತು ಮಾತ್ರೆಯ ತರುವಾಯ.

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎಡಗೈಯ ಕಾಗದವನ್ನು ಗ್ರಂಥದ ಒಳಗೆ ಇಟ್ಟಿದ್ದೇನೆ. ಅದರಲ್ಲಿ ತಿದ್ದಬೇಕಾದ ಜಾಗಗಳು ಬಹಳ ಇವೆ. ಮಾತು ಕೊಟ್ಟಿರುವುದರಿಂದ ಲೇಖನಿಯನ್ನು ಇನ್ನೊಂದು ಕೋಣೆಯಲ್ಲಿ ಇಟ್ಟು ಬಂದು ಓದಿದೆ.

ಮಾರ್ಚಿನಿಂದ ನೀನು ಕೇಳುತ್ತಿರುವ ಪ್ರಶ್ನೆಗೆ ಉತ್ತರ ಕೊಡುವ ಕಾಲ ಬಂದಿದೆ. ಔಷಧಿ ಅಂಗಡಿಯ ಆ ಹೆಣ್ಣುಮಗಳು ನನ್ನನ್ನು ಬೀದಿಯಲ್ಲಿ ಕಂಡಾಗಲೆಲ್ಲ, "ಅಜ್ಜಿ, ನೋಡಿಸಿದ್ರಾ?" ಎಂದು ಎದುರಿನ ಗೋಡೆಗೂ ಕೇಳುವಂತೆ ಕೂಗುತ್ತಿದ್ದಳು. ಬಾಯಿ ಮುಚ್ಚಿಸುವ ಸಲುವಾಗಿಯೇ ರಕ್ತ ಕೊಟ್ಟು ಬಂದೆ. ನೂರಾ ಎಂಬತ್ತೆರಡು. ನಗಬೇಡ. ನಿನ್ನ ಹೆಂಡತಿಗೂ ನಗಬೇಡವೆಂದು ಹೇಳು. ಬೇಕರಿಯವನಿಗೆ ತಿಳಿಸುವ ಅಗತ್ಯವೇ ಇಲ್ಲ.

ಸಾತ್ವಿಕ ಆಹಾರ, ನಿಯಮ, ಪ್ರಾರ್ಥನೆ, ಇಷ್ಟಿದ್ದೂ ಹೇಗೆ ಎಂದು ಇಲ್ಲಿಯ ಡಾಕ್ಟರನ್ನು ಸ್ವಲ್ಪ ಗಡುಸಾಗಿಯೇ ವಿಚಾರಿಸಿದೆ. "ಅದು ನಿಮ್ಮ ಅಪ್ಪ ಅಮ್ಮನಿಂದ ಬಂದದ್ದು, ಅವರನ್ನ ಕೇಳಿ," ಎಂದ. ಅವನಿಗೆ ಹಿರಿಯರೊಡನೆ ಮಾತನಾಡುವ ಪದ್ಧತಿ ತಿಳಿಯದು. ಆದರೆ ಮಾತ್ರೆಯನ್ನು ಬರೆದುಕೊಟ್ಟ.

ಮೊನ್ನೆ ಒಂದು ದಿನ ಮರೆತೆ. ನಿಜ ಹೇಳಬೇಕೆಂದರೆ, ಮರೆಯಲಿಲ್ಲ. ಇವತ್ತೊಂದು ದಿನ ಬಿಟ್ಟರೆ ಏನಾದೀತು ಎಂದುಕೊಂಡೆ. ಅಂಗೈಯಲ್ಲಿ ಅದನ್ನು ಇಟ್ಟುಕೊಂಡು ಕೂತೆ. ಎಷ್ಟು ಸಣ್ಣದು! ನೀನು ಏಕೆ ನಕ್ಕಿದ್ದೆಯೆಂದು ಆ ಕ್ಷಣದಲ್ಲಿ ನನಗೆ ಸಂಪೂರ್ಣವಾಗಿ ಅರ್ಥವಾಯಿತು; ಅರ್ಥವಾದದ್ದರಿಂದ ನಿನ್ನ ಮೇಲೆ ಮತ್ತೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ನುಂಗಿದೆ.

ಇನ್ನು ಮೇಲೆ ದಿನವೂ ಬೆಳಗ್ಗೆ ನೀನು ನನಗೆ ಫೋನು ಮಾಡಿ, "ಕಲ್ಲು ಇಟ್ಟೆಯಾ?" ಎಂದು ಕೇಳಬೇಕು. ನಾನೂ ಅದನ್ನೇ ನಿನ್ನನ್ನು ಕೇಳುತ್ತೇನೆ. ಬೇರೆ ಮಾತು ಬೇಕಾಗಿಲ್ಲ. ಸುಳ್ಳು ಹೇಳಿದರೆ ತಿಳಿಯುತ್ತದೆ. ನಿನ್ನ ದನಿಯನ್ನೂ ಈಗ ಓದಲು ಕಲಿತಿದ್ದೇನೆ.

ಸರಿಯಾದ ಹೊತ್ತಿಗೆ ಒಲೆ ಬಿಟ್ಟು ಓಡಿದ ಬೇಕರಿಯವನ ಒಲೆ ಎಂದೂ ಆರದಿರಲಿ. ಅವನ ಬೆಣ್ಣೆ ಬಿಸ್ಕತ್ತು ಬೇರೆಯವರಿಗೆ ಮಾರಾಟವಾ‌ಗಲಿ. ಬೈಯದೆ ಬೇರೆ ಮಾತ್ರೆ ಕೊಟ್ಟ ಡಾಕ್ಟರಮ್ಮನ ಕೈಗುಣ ಹೆಚ್ಚಲಿ. ಬೀದಿಯಲ್ಲಿ ಕೂಗುವ ಆ ಹೆಣ್ಣುಮಗಳು ನೂರು ವರ್ಷ ಬಾಳಿ ನೂರು ಅಜ್ಜಿಯರನ್ನು ಹೀಗೆಯೇ ಕಾಡಲಿ. ಹಿರಿಯರೊಡನೆ ಮಾತನಾಡಲು ತಿಳಿಯದ ಆ ಡಾಕ್ಟರಿಗೂ ಒಳ್ಳೆಯದಾಗಲಿ. ಅಂಗಿಯ ಗುಂಡಿಯನ್ನು ಎರಡು ಸಲ ಹಾಕಿದ ನಿನ್ನ ಹೆಂಡತಿಗೆ ಮೂರನೆಯ ಸಲ ಹಾಕುವ ಪ್ರಮೇಯ ಬಾರದಿರಲಿ. ಆಕೆಯ ಮುಖದಲ್ಲಿ ನಗು ನಿಲ್ಲಲಿ. ಮತ್ತು ಅಪ್ಪನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಸಣ್ಣವನಾಗಿದ್ದು, ಎರಡು ಸಲ ಕಳೆದು ಎರಡು ಸಲ ಸಿಕ್ಕಿದ ಅರ್ಧಗ್ರಾಮೇ, ನಿನ್ನ ಜಾಗದಲ್ಲಿ ನೀನು ಇರು. ನಮ್ಮೆಲ್ಲರ ಮುಳ್ಳು ನಡುಗೆರೆಯಲ್ಲಿ ನಿಲ್ಲುವಂತೆ ಅವನು ಹರಸಲಿ.

ಅಕ್ಕ